ನಮ್ಮ ಮನೆ ನಿಂತ ದಿನ

ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಗೆ ಚುಕ್ಕಿ ಇಟ್ಟಾಗಿತ್ತು. ಬಳ್ಳಿಯ ಎಳೆಯನ್ನು ಒಂದು ಸುತ್ತು ತಂದು ಹೊಸ್ತಿಲ ಬುಡಕ್ಕೆ ಮುಟ್ಟಿಸಬೇಕು ಅನ್ನುವಷ್ಟರಲ್ಲಿ ಹೊಸ್ತಿಲು ಅಲ್ಲಿರಲಿಲ್ಲ. ಒಂದು ಗೇಣು ಎಡಕ್ಕೆ ಸರಿದಿತ್ತು. ನಾನೇ ಜಾರಿದೆನೇನೋ ಎಂದು ಎಡಗೈಯನ್ನು ನೆಲಕ್ಕೆ ಊರಿ ನೋಡಿದೆ. ನೆಲ ಗಟ್ಟಿಯಾಗಿಯೇ ಇತ್ತು. ಸರಿಯುತ್ತಿದ್ದದ್ದು ಮನೆ. ನೆರಿಗೆ ಎತ್ತಿಕೊಂಡು ಕೆಸರು ದಾಟುವ ಹೆಂಗಸಿನ ಹಾಗೆ, ಸದ್ದಿಲ್ಲದೆ, ತನ್ನ ಗೋಡೆ ಮಾಡು ಕಿಟಕಿಗಳನ್ನೆಲ್ಲ ಹೊತ್ತುಕೊಂಡು ಅದು ತಿರುಗತೊಡಗಿತ್ತು.

ಚುನಾವಣೆ ಬಂತು ಎಂದು ನಮ್ಮೂರಿನಲ್ಲಿ ಗೊತ್ತಾಗುವುದು ಹೀಗೆ. ಮದುವೆಯಾಗಿ ಬಂದ ಮೇಲೆ ಎರಡು ಸಲ ನೋಡಿದ್ದೇನೆ, ಆದರೂ ರಂಗೋಲಿ ಬಟ್ಟಲು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಬೀದಿಯುದ್ದಕ್ಕೂ ಮನೆಗಳು ಮೈಮುರಿದು ಏಳುತ್ತಿದ್ದವು. ಎದುರುಮನೆಯ ಸರ್ವಮಂಗಳಕ್ಕ ಒಗೆದ ಬಟ್ಟೆಯ ಹಗ್ಗವನ್ನು ಗೋಡೆಯ ಮೊಳೆಯಿಂದ ಬಿಚ್ಚಿಕೊಳ್ಳುತ್ತ, ಕೋಳಿಗಳನ್ನು ದೂರ ಓಡಿಸುತ್ತ, ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದರು. ಹಸುವನ್ನು ಗೋಡೆಗೆ ಕಟ್ಟಿದ್ದವರು ಮರಕ್ಕೆ ಕಟ್ಟಿದರು. ಬಚ್ಚಲ ನೀರು ಯಾವ ಕಡೆ ಹರಿದೀತು ಎಂದು ಪಕ್ಕದ ಮನೆಯವರೊಂದಿಗೆ ಮೊದಲೇ ಮಾತಾಡಿಟ್ಟುಕೊಂಡರು. ಇವೆಲ್ಲ ನಮಗೆ ರೂಢಿ.

ನಮ್ಮೂರಿನಲ್ಲಿ ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಚುನಾವಣೆಯ ದಿನ ಮಧ್ಯಾಹ್ನದ ಗಂಟೆ ಬಾರಿಸಿದಾಗ ಹಿರಿಯರು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು, ಯಾವ ಮನೆಯ ಬಾಗಿಲು ಗುಡ್ಡಕ್ಕೆ ಮುಖ ಮಾಡಿದೆ, ಯಾವುದು ಕೆರೆಗೆ ಮುಖ ಮಾಡಿದೆ ಎಂದು ನೋಡುತ್ತಾರೆ. ಮನೆ ತಿರುಗುವುದು ಬೆಳಿಗ್ಗೆ ಅದರ ಒಲೆ ಹಚ್ಚುವವರ ಮನಸ್ಸಿನಂತೆ. ಯಜಮಾನರ ಮನಸ್ಸಿನಂತೆ ಅಲ್ಲ. ಜಗಲಿಯ ಮೇಲೆ ಕೂತು ಮೀಸೆ ತಿರುವಿದವರೆಲ್ಲ ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಮಾತಾಡುವ ಕಾಲ ಅದು.

ಮನಸ್ಸು ಗಟ್ಟಿ ಇದ್ದವರ ಮನೆ ಒಂದೇ ದಿನದಲ್ಲಿ ತಿರುಗಿ ನಿಲ್ಲುತ್ತದೆ. ಸರ್ವಮಂಗಳಕ್ಕನ ಮನೆ ಹೊತ್ತು ಏರುವುದರೊಳಗೆ ಗುಡ್ಡ ನೋಡಿಕೊಂಡು ನಿಂತಿತು. ನಮ್ಮದು ನಿಲ್ಲಲಿಲ್ಲ. ಗುಡ್ಡದ ಮುಂದೆ ಸ್ವಲ್ಪ ನಿಧಾನಿಸಿತು, ಮುಂದೆ ಹೋಯಿತು. ಕೆರೆಯ ಮುಂದೆ ನಿಧಾನಿಸಿತು, ಮುಂದೆ ಹೋಯಿತು. ಮರುದಿನ, ಅದರ ಮರುದಿನ, ಹಾಗೇ.

ಬೀದಿಯವರು ಅದಕ್ಕೆ ಗಾಣದ ಮನೆ ಎಂದು ಹೆಸರಿಟ್ಟರು. ಹಾಲು ತರುವ ಬೋರಯ್ಯ ಚೆಂಬು ಹಿಡಿದು ಬಾಗಿಲಿನ ಜೊತೆ ಜೊತೆಗೇ ಅಡ್ಡಡ್ಡ ಹೆಜ್ಜೆ ಹಾಕುತ್ತ, "ಅಕ್ಕಾರೆ, ಹಿಂಗೇ ಆದ್ರೆ ನಾಳೆಯಿಂದ ಹಂಚು ತೆಗೆದು ಮೇಲಿಂದ್ಲೇ ಹಾಲು ಸುರೀತೀನಿ ನೋಡಿ" ಅಂದ. ನಾನೂ ನಕ್ಕೆ. ಆದರೆ ನನ್ನ ಮಗಳು ಪಾರಿಜಾತಳನ್ನು ಶಾಲೆಯಲ್ಲಿ ಮಕ್ಕಳು ನಡುವೆ ನಿಲ್ಲಿಸಿ, ಗಾಣದ ಮನೆ ಹುಡುಗಿ ಎಂದು ಗಿರಗಿರ ತಿರುಗಿಸಿದರಂತೆ. ಅವಳು ಬಂದು ಅದನ್ನು ಹೇಳಲಿಲ್ಲ. ಜಡೆ ಬಿಚ್ಚಿಹೋಗಿದ್ದನ್ನು ನೋಡಿ ನಾನೇ ಕೇಳಿದ ಮೇಲೆ ಹೇಳಿದಳು. ಹೇಳಿ ಮುಗಿಸಿದ ಮೇಲೂ ಇನ್ನೇನೋ ಕೇಳುವವಳ ಹಾಗೆ ಬಾಯಿ ತೆರೆದಳು. ಕೇಳಲಿಲ್ಲ. ಕೈಕಾಲು ತೊಳೆಯಲು ಹೋದಳು. ಮಕ್ಕಳ ಮಾತು ಹಣ್ಣಿನ ಹಾಗೆ, ಒತ್ತಿದರೆ ಕೆಡುತ್ತದೆ.

ಆ ಸಲದ ಚುನಾವಣೆ ನಿಂತಿದ್ದದ್ದು ಕೆರೆಯ ಏರಿಯ ಮೇಲೆ. ಏರಿಯುದ್ದಕ್ಕೂ ಚಾಪೆ ಹೆಣೆಯುವವರ ಗುಡಿಸಲುಗಳಿವೆ. ಕೆರೆಯಂಚಿನ ಜೊಂಡು ಕೊಯ್ದು, ಒಣಗಿಸಿ, ಚಾಪೆ ಮಾಡಿ ಮಾರುವ ಜನ. ಅವರು ಗುಡಿಸಲಿಗೆಂದು ನೆಟ್ಟ ಗೂಟಗಳಿಂದ ಏರಿ ಸಡಿಲವಾಗಿತ್ತು. ಕಳೆದ ಮಳೆಗಾಲದಲ್ಲಿ ನೀರು ಜಿನುಗಿ ನಮ್ಮ ಬೀದಿಯ ತನಕ ಬಂದಿತ್ತು. ಗುಡ್ಡದ ಕಡೆಯ ಹುರಿಯಾಳು ವೀರೇಂದ್ರಪ್ಪನವರು, ಅವರನ್ನು ಗುಡ್ಡದ ಆಚೆಗೆ ಕಳಿಸಿ ಏರಿಗೆ ಮಣ್ಣು ತುಂಬಿಸುತ್ತೇನೆ ಅಂದರು. ಕೆರೆ ಕಡೆಯ ಗಂಗಾಂಬಿಕೆಯವರು, ಯಾರನ್ನೂ ಎಬ್ಬಿಸುವುದು ಬೇಡ, ಏರಿಗೆ ಕಲ್ಲು ಕಟ್ಟಿಸುತ್ತೇನೆ ಅಂದರು. ಕಲ್ಲು ಎಲ್ಲಿಂದ? ನಮ್ಮ ಗುಡ್ಡ ಬರೀ ಕೆಂಪು ಮಣ್ಣು, ನೀರು ತಾಗಿದರೆ ಕರಗುವಂಥದ್ದು. ಊರಿನಲ್ಲಿ ಗಟ್ಟಿ ಕಲ್ಲಿನಲ್ಲಿ ಕಟ್ಟಿದ್ದು ಒಂದೇ ಒಂದು, ಮಕ್ಕಳ ಶಾಲೆ. ಅದನ್ನು ಬಿಚ್ಚಿ ಏರಿಗೆ ಕಟ್ಟಬೇಕು.

ಪಾರಿಗೆ ಆ ಶಾಲೆ ಎಂದರೆ ಪ್ರಾಣ. ಬೇಸಿಗೆಯಲ್ಲೂ ತಣ್ಣಗಿರುವ ಕಪ್ಪು ಕಲ್ಲಿನ ಗೋಡೆ. ಅವಳು ಕೂರುವ ಕಿಟಕಿಯ ಪಕ್ಕದ ಕಲ್ಲಿನೊಳಗೆ ಒಂದು ಮೀನಿನ ಅಚ್ಚು ಇದೆ, ಮುಳ್ಳು ಮುಳ್ಳೂ ಎಣಿಸುವಷ್ಟು ನಿಚ್ಚಳವಾಗಿ. ಕಲ್ಲಿನೊಳಗೆ ಮೀನು ಹೇಗೆ ಹೋಯಿತು ಎಂದು ಅವಳು ಒಂದನೇ ತರಗತಿಯಿಂದ ಯೋಚಿಸುತ್ತಲೇ ಇದ್ದಾಳೆ. ಇತ್ತ, ಅವಳು ಹುಟ್ಟಿದ್ದು ಚಾಪೆಯ ಹೊನ್ನೂರಮ್ಮ ತಂದುಕೊಟ್ಟ ಚಾಪೆಯ ಮೇಲೆ. ಹೆರಿಗೆಯ ದಿನ ಮೈಯೆಲ್ಲ ಉರಿಯುತ್ತಿದ್ದಾಗ, ಹಸಿ ಜೊಂಡಿನ ಚಾಪೆ ತಂಪು ಎಂದು ಕೇಳದೆಯೇ ಹೊತ್ತು ತಂದು ಹಾಸಿ, ಹಣ ಎಂದರೆ ಬೈದು ಹೋದವಳು. ಪಾರಿ ಅವಳನ್ನು ಅಜ್ಜಿ ಎಂದೇ ಕರೆಯುತ್ತಾಳೆ.

ನಮ್ಮ ಯಜಮಾನರು ರುದ್ರೇಶ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಟ್ಟಾ ಗುಡ್ಡದ ಕಡೆಯವರು. ಅವರಪ್ಪನೂ ಹಾಗೇ. ಗಿರಣಿಗೆ ಬಂದವರಿಗೆಲ್ಲ ಏರಿ ಒಡೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು. ತಮ್ಮ ಮನೆಯೇ ಊರ ಮುಂದೆ ಗಾಣದ ಹಾಗೆ ತಿರುಗುತ್ತಿರುವುದು ಅವರಿಗೆ ತಲೆ ಎತ್ತದ ಹಾಗೆ ಮಾಡಿತ್ತು. ಆದರೂ ನನ್ನ ಮೇಲೆ ರೇಗಲಿಲ್ಲ. ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿನಗೆ ಇದರಲ್ಲಿ ತಿಳಿಯದ್ದು ಏನಿದೆ ಎಂದು ಕೇಳಿದರು. ಎರಡೂ ತಿಳಿದಿರುವುದೇ ತೊಂದರೆ ಅಂದೆ. ಗುಡ್ಡದವರು ಹೇಳುವಂತೆ ಏರಿ ಸಡಿಲವಾಗಿರುವುದು ನಿಜ. ಕೆರೆಯವರು ಹೇಳುವಂತೆ ಗುಡ್ಡದ ಆಚೆ ಜೊಂಡು ಬೆಳೆಯದಿರುವುದೂ ನಿಜ. ಒಬ್ಬರ ಅರ್ಧ ಮಾತನ್ನು ಇನ್ನೊಬ್ಬರ ಅರ್ಧ ಮಾತಿಗೆ ಹೊಲಿದುಕೊಳ್ಳೋಣವೆಂದರೆ ಬಾಗಿಲು ಇರುವುದು ಒಂದೇ.

ಪ್ರಚಾರಕ್ಕೆ ಬಂದವರ ಪಾಡು ನೋಡಬೇಕಿತ್ತು. ವೀರೇಂದ್ರಪ್ಪನವರು ಬಿಳಿ ಪಂಚೆ ಎತ್ತಿ ಕಟ್ಟಿ, ತಿರುಗುವ ಹೊಸ್ತಿಲಿನ ಜೊತೆಗೆ ಹೆಜ್ಜೆ ಹಾಕುತ್ತಲೇ ಮಾತಾಡಿದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಮನೆ ಯಾವ ಕಡೆ ನಿಲ್ಲಿಸಿ ಇಳಿಸುತ್ತದೋ ಎಂಬ ಅಂಜಿಕೆ. ಗುಡ್ಡದ ಆಚೆ ಹೋದ ಜನ ಏನು ಹೆಣೆಯಬೇಕು ಎಂದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಬೇರೆ ಕಸುಬು ಕಲಿಯಬೇಕಾಗುತ್ತದೆ, ಕಷ್ಟವೇ, ಆದರೆ ಏರಿ ಒಡೆದರೆ ನಿನ್ನ ಮಗಳೂ ಅವರ ಮಕ್ಕಳೂ ಒಟ್ಟಿಗೇ ಹೋಗುತ್ತಾರಲ್ಲಮ್ಮ ಅಂದರು. ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ.

ಗಂಗಾಂಬಿಕೆಯವರು ಸೀದಾ ಒಳಗೇ ಬಂದು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಮಜ್ಜಿಗೆ ಕುಡಿದರು. ಶಾಲೆಯನ್ನು ಬಿಚ್ಚಿದ ಮೇಲೆ ಮತ್ತೆ ಕಟ್ಟಿಸುವುದು ಯಾವಾಗ ಎಂದು ಕೇಳಿದೆ.

"ಗೊತ್ತಿಲ್ಲ ಕಣಮ್ಮ," ಅಂದರು. "ಮುಂದಿನ ವರ್ಷ ಅಂತ ಹೇಳಬಹುದು. ಸುಳ್ಳು ಹೇಳಿ ನಿನ್ನ ಬಾಗಿಲು ತಿರುಗಿಸ್ಕೊಂಡು ಹೋಗಿ ನಾನೇನು ಮಾಡ್ಲಿ? ಅಲ್ಲೀತನಕ ಮಕ್ಕಳು ಹುಣಸೆಮರದ ಕೆಳಗೆ ಓದಬೇಕು."

ಪಾರಿ ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕಾಳು ಬಟ್ಟಲಿಗೂ ಸಿಪ್ಪೆ ಮೊರಕ್ಕೂ ಬೀಳಬೇಕಾದದ್ದು ಅದಲುಬದಲಾಗಿ ಬೀಳುತ್ತಿತ್ತು. ನಾನು ನೋಡಿದೆ, ಅವಳೂ ನನ್ನನ್ನು ನೋಡಿದಳು. ಮತ್ತೆ ಬಾಯಿ ತೆರೆದು ಮುಚ್ಚಿದಳು.

ಮರುದಿನ ಬೆಳಿಗ್ಗೆ ನಾನು ನೀರು ಸೇದಿಕೊಂಡು ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಹೊಗೆ ಎದ್ದಿತ್ತು. ನಮ್ಮವರು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣಲ್ಲಿ ನೀರು ಸುರಿಸಿಕೊಂಡು, ಹಸಿ ಕಟ್ಟಿಗೆಯನ್ನು ಊದುತ್ತಿದ್ದರು. ನನ್ನ ಕಡೆ ತಿರುಗದೆ, ಇವತ್ತೊಂದು ದಿನ ನಾನು ಹಚ್ಚುತ್ತೇನೆ, ನಿನಗೂ ಸ್ವಲ್ಪ ವಿಶ್ರಾಂತಿ ಅಂದರು. ಹದಿನೈದು ವರ್ಷದ ಸಂಸಾರದಲ್ಲಿ ಅವರಿಗೆ ಆ ಯೋಚನೆ ಬಂದದ್ದು ಅದೇ ಮೊದಲು. ಹೀಗೆ ಮಾಡುವ ಗಂಡಸರು ನಮ್ಮೂರಲ್ಲಿ ಪ್ರತಿ ಚುನಾವಣೆಗೂ ಇರುತ್ತಾರೆ, ಅದು ತಪ್ಪೇನೂ ಅಲ್ಲ. ನಾನು ಕೊಡ ಇಳಿಸಿ ನಿಂತೆ. ಒಲೆ ಹತ್ತಿತು. ಮನೆ ಒಮ್ಮೆ ನಡುಗಿ, ನೇರ ಗುಡ್ಡದ ಕಡೆಗೆ ಹೊರಟಿತು. ಅವರ ಮುಖ ಅರಳಿತು.

ಗುಡ್ಡದ ಮುಂದೆ ಬಂದು ಮನೆ ನಿಧಾನಿಸಿತು. ನಿಲ್ಲಲಿಲ್ಲ. ನನ್ನ ಕೈಯಲ್ಲಿ ತಿರುಗಿದ್ದಕ್ಕಿಂತ ಬೇಗ ಬೇಗ ಮುಂದೆ ಸರಿದು, ಕೆರೆಯ ಮುಂದೆ ಹೋಗಿ, ಉಸಿರು ಹಿಡಿದವರ ಹಾಗೆ ಅಷ್ಟು ಹೊತ್ತು ಅಲ್ಲೇ ನಿಂತು, ಮತ್ತೆ ಹೊರಟಿತು. ಹೊರಗೆ ಸರ್ವಮಂಗಳಕ್ಕ ಪೊರಕೆ ಹಿಡಿದವರು ಹಿಡಿದ ಹಾಗೇ ನೋಡುತ್ತಿದ್ದರು. ನಮ್ಮವರು ಊದುಗೊಳವೆಯನ್ನು ಕೆಳಗಿಟ್ಟರು.

"ಒಲೇಲೇ ಏನೋ ದೋಷ ಇದೆ," ಅಂದರು.

ನಾನು ಇರಬಹುದು ಅಂದೆ. ರೊಟ್ಟಿಗೆ ಹಿಟ್ಟು ಕಲಸಲು ಕೂತೆ. ಅವರು ಎದ್ದು ಹೋಗಲಿಲ್ಲ. ಒಲೆಗೆ ಇನ್ನೊಂದು ಕಟ್ಟಿಗೆ ಸರಿಸುತ್ತ, ತಮ್ಮಷ್ಟಕ್ಕೆ ಅನ್ನುವ ಹಾಗೆ ಹೇಳಿದರು. "ನಮ್ಮವ್ವ ಪ್ರಾಣ ಬಿಟ್ಟಿದ್ದು ಆ ಹೊನ್ನೂರಮ್ಮನ ತೊಡೆ ಮೇಲೆ ಕಣೆ. ನಾನು ಗಿರಣೀಲಿದ್ದೆ."

ಇಷ್ಟು ವರ್ಷ ಒಟ್ಟಿಗೆ ಬಾಳಿದ್ದೇವೆ. ಈ ಮನುಷ್ಯನೊಳಗೂ ಒಂದು ಮನೆ ಹೀಗೆ ಸದ್ದಿಲ್ಲದೆ ತಿರುಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಬೀದಿಗೆ ಬಂದು ನೋಡಿದರೆ, ನೆಟ್ಟಗೆ ನಿಂತಿದ್ದ ಅಷ್ಟೂ ಮನೆಗಳು ಅವತ್ತು ನನ್ನ ಕಣ್ಣಿಗೆ ಬೇರೆಯೇ ಆಗಿ ಕಂಡವು. ಎಷ್ಟು ಜನ ಎಷ್ಟು ರಾತ್ರಿ ಹೊರಳಾಡಿ ಅವನ್ನು ನಿಲ್ಲಿಸಿದ್ದಾರೋ. ಸರ್ವಮಂಗಳಕ್ಕನ ಮೇಲೂ ನನಗೆ ಗೌರವ ಬಂತು.

ಚುನಾವಣೆಗೆ ಹಿಂದಿನ ದಿನ ಪಾರಿಗೆ ಊಟ ಕೊಡಲು ಶಾಲೆಗೆ ಹೋಗಿದ್ದೆ. ಅವಳು ಕಿಟಕಿಯ ಪಕ್ಕ ಕೂತು, ಒಂದು ಕೈಯಲ್ಲಿ ಬರೆಯುತ್ತ, ಇನ್ನೊಂದು ಕೈಯನ್ನು ಕಲ್ಲಿನ ಮೀನಿನ ಮೇಲೆ ಇಟ್ಟುಕೊಂಡಿದ್ದಳು. ಕರೆಯದೆ ಸ್ವಲ್ಪ ಹೊತ್ತು ನಿಂತು ನೋಡಿದೆ. ಬುತ್ತಿ ಕೊಟ್ಟು, ಮನೆಗೆ ಬರಬೇಕಾದವಳು ಏರಿಯ ಕಡೆ ನಡೆದೆ.

ಹೊನ್ನೂರಮ್ಮ ಗುಡಿಸಲ ಮುಂದೆ ಜೊಂಡು ಸೀಳುತ್ತಿದ್ದಳು. ಸುಮ್ಮನೆ ಬಂದೆ ಅಂದೆ. ಸುಮ್ಮನೆ ಬರೋ ಹೊತ್ತಾ ಇದು ಎಂದು ಅವಳು ನಕ್ಕಳು. ಏರಿಯ ಮೇಲೆ ಗೂಟ ನೆಟ್ಟ ತೂತುಗಳಿಂದ ಸಣ್ಣಗೆ ನೀರು ಒಸರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದದ್ದನ್ನು ಅವಳೂ ನೋಡಿದಳು.

"ನಮ್ಮ ಗೂಟಗಳೇ ಮಾಡಿರೋದು ಅವು," ಅಂದಳು. "ವೀರೇಂದ್ರಪ್ಪ ಹೇಳೋದು ಸುಳ್ಳಲ್ಲ. ನಂಗೊಂದು ಬಾಗ್ಲು ಇದ್ದಿದ್ರೆ ಅದು ಎತ್ತ ತಿರುಗ್ತಿತ್ತೋ, ಅದೂ ಗೊತ್ತಿಲ್ಲ ನನ್ನವ್ವ."

ಆಗಲೇ ನಾನು ಅವಳ ಗುಡಿಸಲನ್ನು ಸರಿಯಾಗಿ ನೋಡಿದ್ದು. ಬಾಗಿಲಿನ ಜಾಗದಲ್ಲಿ ಚಾಪೆಯೊಂದು ತೂಗುತ್ತಿತ್ತು. ಹಿಂದೆಯೂ ಒಂದು ಚಾಪೆ, ಪಕ್ಕದಲ್ಲೂ ಒಂದು. ಗಾಳಿ ಯಾವ ಕಡೆ ಬೀಸಿದರೆ ಆ ಕಡೆ ತೆರೆದುಕೊಳ್ಳುವ ಗುಡಿಸಲು. ಏರಿಯ ಮೇಲಿನ ಯಾವ ಗುಡಿಸಲೂ ಯಾವ ಚುನಾವಣೆಯಲ್ಲೂ ತಿರುಗಿದ್ದಿಲ್ಲ. ಟ್ಯಾಂಕಿನ ಮೇಲೆ ನಿಂತವರು ಅವುಗಳ ಕಡೆ ನೋಡುವುದೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ನೋಡುತ್ತ ಬಂದಿದ್ದರೂ ನನಗದು ಹೊಳೆದಿರಲಿಲ್ಲ.

ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ. ಶಾಲೆ ಹೋದರೆ ನಾನು ದಿನಾ ಹೋಗಿ ಗಂಗಾಂಬಿಕೆಯವರ ಬಾಗಿಲು ತಟ್ಟಬಹುದು. ಎಲ್ಲಿ ನಮ್ಮ ಶಾಲೆ, ಇಟ್ಟಿಗೆಯಲ್ಲಾದರೂ ಕಟ್ಟಿಸಿ ಎಂದು ಕೇಳಬಹುದು. ಕೊಡದಿದ್ದರೆ ಮುಂದಿನ ಸಲ ನನ್ನ ಮನೆ ಗುಡ್ಡಕ್ಕೆ ತಿರುಗುತ್ತದೆ ಎನ್ನಬಹುದು. ಗುಡ್ಡದ ಆಚೆಗೆ ಹೋದವರು ಯಾವ ಬಾಗಿಲು ತೋರಿಸಿ ಏನು ಕೇಳಿಯಾರು? ಕಲ್ಲು ಬಿಗಿದರೆ ಏರಿಯ ಭಯವೂ ಹೋಗುತ್ತದೆ ಎಂದೂ ಅಂದುಕೊಂಡೆ. ಆದರೆ ಹುಣಸೆಮರದ ಕೆಳಗೆ ಮಳೆಯಲ್ಲಿ ಪುಸ್ತಕ ಮುಚ್ಚಿಕೊಂಡು ಓಡುವ ಪಾರಿ ಕಣ್ಣಿಗೆ ಕಟ್ಟಿದಳು. ಮನೆಗೆ ಬಂದು ನೋಡಿದರೆ ಬಾಗಿಲು ಇನ್ನೂ ತಿರುಗುತ್ತಲೇ ಇತ್ತು.

ಗಂಟೆಯಾದಾಗ ಯಾವ ಕಡೆಗೂ ನಿಲ್ಲದ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿನ್ನಿಂದಾಗದಿದ್ದರೆ ತಿರುಗುತ್ತಲೇ ಇರಲಿ ಬಿಡು, ಯಾರ ಶಾಪವೂ ತಟ್ಟುವುದಿಲ್ಲ ಎಂದು ಸರ್ವಮಂಗಳಕ್ಕ ಬೇಲಿಯಾಚೆಯಿಂದ ಸಮಾಧಾನ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದು ಸುಲಭ ಎಂದು ನನಗೂ ಅನ್ನಿಸಿತು. ಪಾರಿಗೆ, ನಾನೇನೂ ಮಾಡಲಿಲ್ಲ ಪುಟ್ಟಾ ಎಂದು ಹೇಳಬಹುದಿತ್ತು. ಹಾಗೆ ಹೇಳುವ ನನ್ನ ದನಿಯನ್ನು ಮನಸ್ಸಿನಲ್ಲೇ ಕೇಳಿಸಿಕೊಂಡೆ. ಬೇಡ ಅನ್ನಿಸಿತು.

ಚುನಾವಣೆಯ ಬೆಳಿಗ್ಗೆ ಒಲೆ ಸಾರಿಸಿ, ಕುಂಕುಮ ಇಟ್ಟು, ಕಡ್ಡಿ ಗೀರಿದೆ. ಪಾರಿ ಕಂಬಕ್ಕೆ ಒರಗಿ ನಿಂತಿದ್ದಳು. ನಮ್ಮವರು ಗಿರಣಿಗೆ ಹೋಗದೆ ಜಗಲಿಯಲ್ಲಿ ಕೂತಿದ್ದರು. ಹೊತ್ತೇರಿದ ಮೇಲೆ ಮಧ್ಯಾಹ್ನದ ಊಟಕ್ಕೆ ಎಸರಿಟ್ಟೆ, ಅಕ್ಕಿ ತೊಳೆದು ಹಾಕಿದೆ. ಹೊರಗೆ ಜನ ಸೇರಿದ್ದು ಸದ್ದಿನಲ್ಲೇ ತಿಳಿಯುತ್ತಿತ್ತು. ಊರಿಡೀ ತಿರುಗುತ್ತಿದ್ದದ್ದು ಇನ್ನು ನಮ್ಮದೊಂದೇ. ಬಾಗಿಲಿನಿಂದ ಬರುವ ಬೆಳಕು ನೆಲದ ಮೇಲೆ ನಿಧಾನವಾಗಿ ಸುತ್ತುತ್ತ, ಪಾತ್ರೆಗಳ ಮೇಲೆ, ಬೀಸುವ ಕಲ್ಲಿನ ಮೇಲೆ, ಪಾರಿಯ ಪಾದದ ಮೇಲೆ ಹಾದುಹೋಯಿತು. ಬಾಗಿಲ ತುಂಬ ಕೆಂಪಗೆ ಗುಡ್ಡ ಬಂತು. ಮನೆ ನಿಧಾನಿಸಿತು. ನಾನು ಗುಡ್ಡವನ್ನು ಕಣ್ತುಂಬ ನೋಡಿದೆ. ಅದರ ಮೇಲೆ ನನಗೆ ಯಾವ ಮುನಿಸೂ ಇರಲಿಲ್ಲ. ಗುಡ್ಡ ಸರಿಯಿತು. ಅನ್ನ ಕುದಿಯತೊಡಗಿತು. ಆಮೇಲೆ ನೀರಿನ ಬೆಳಕು, ಏರಿ, ಏರಿಯ ಮೇಲೆ ಗಾಳಿಗೆ ಆಡುವ ಚಾಪೆಗಳು.

ಮನೆ ನಿಂತಿತು.

ಅದನ್ನು ಹೇಗೆ ಹೇಳಲಿ. ಹೊಟ್ಟೆಯೊಳಗೆ ಮಗು ಮೊದಲ ಸಲ ಅಲುಗಿದಾಗ ನಾನು ಹೀಗೇ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಿದ್ದೆ. ಅಂಗಾಲಿನ ಕೆಳಗೆ ಮನೆಯ ಅಷ್ಟೂ ಭಾರ ನೆಲಕ್ಕೆ ಇಳಿದು ಕೂತದ್ದು ತಿಳಿಯಿತು. ಊರಿನ ಎಲ್ಲ ಮನೆಗಳೂ ತಂತಮ್ಮ ಕಡೆ ಮುಖ ಮಾಡಿ ನಿಂತಿದ್ದವು. ನಮ್ಮವರು ಏನನ್ನುತ್ತಾರೋ ಎಂದು ನೋಡಿದೆ. ಅವರು ಎದ್ದರು. ಅರ್ಧ ಮುಚ್ಚಿದ್ದ ಬಾಗಿಲ ರೆಕ್ಕೆಯನ್ನು ಗೋಡೆಗೆ ತಾಗುವ ತನಕ ತೆರೆದು, ಟ್ಯಾಂಕಿನ ಮೇಲಿನವರಿಗೆ ಚೆನ್ನಾಗಿ ಕಾಣುವ ಹಾಗೆ, ಅದು ಅಲುಗದಂತೆ ಕಲ್ಲು ಕೊಟ್ಟು ನಿಲ್ಲಿಸಿದರು. ಬೆನ್ನು ನನ್ನ ಕಡೆಗೇ ಇತ್ತು. ಗಂಟೆ ಬಾರಿಸಿತು.

ಸಂಜೆ ಕೆರೆಯ ಕಡೆಯಿಂದ ತಮಟೆಯ ಸದ್ದು ಕೇಳಿತು. ಗೆದ್ದದ್ದು ಕೂದಲೆಳೆಯಲ್ಲಿ ಎಂದು ಬೋರಯ್ಯ ಹೇಳಿಕೊಂಡು ಹೋದ. ನಾಡಿದ್ದಿನಿಂದಲೇ ಶಾಲೆಯ ಕಲ್ಲು ಬಿಚ್ಚುತ್ತಾರಂತೆ. ಸರ್ವಮಂಗಳಕ್ಕ ಒಂದು ಬಟ್ಟಲು ಸಾರು ತಂದುಕೊಟ್ಟರು, ಆದರೆ ಕೂರಲಿಲ್ಲ. ಸೂರ್ಯ ಇಳಿಯುತ್ತಿದ್ದ ಹಾಗೆ, ಮೇಯ್ದು ಬಂದ ದನಗಳು ತಮ್ಮ ತಮ್ಮ ಕೊಟ್ಟಿಗೆಗೆ ಹೊರಳುವಂತೆ, ಊರಿನ ಮನೆಗಳೆಲ್ಲ ತಮ್ಮ ಹಳೆಯ ಜಾಗಕ್ಕೆ ತಿರುಗತೊಡಗಿದವು. ಗೆದ್ದ ಮನೆಯೂ ಸೋತ ಮನೆಯೂ ಒಂದೇ ನಿಧಾನದಲ್ಲಿ.

ನಾನೂ ಪಾರಿಯೂ ಹೊಸ್ತಿಲ ಮೇಲೆ ಕೂತಿದ್ದೆವು. ಮನೆ ನಮ್ಮನ್ನು ಹೊತ್ತುಕೊಂಡೇ ಸರಿಯುತ್ತಿತ್ತು. ಕೆರೆ ಹೋಯಿತು, ತೆಂಗಿನ ಮರಗಳು ಬಂದವು, ಅವುಗಳ ನಡುವೆ ಶಾಲೆಯ ಕಪ್ಪು ಗೋಡೆ ಬಂತು. ಅವಳು ಅದನ್ನು ನೋಡಿದಳು. ಈಗ ಕೇಳುತ್ತಾಳೆ ಎಂದು ನನಗೆ ಗೊತ್ತಾಯಿತು. ಹಾಗಾದರೆ ನನ್ನ ಸ್ಕೂಲು ಎಂದೇ ಕೇಳುತ್ತಾಳೆ. ಅದಕ್ಕೆ ಎಷ್ಟೋ ದಿನದಿಂದ ಉತ್ತರ ಜೋಡಿಸಿಟ್ಟುಕೊಂಡಿದ್ದೆ, ಹುಣಸೆಮರ, ಇಟ್ಟಿಗೆ, ದಿನಾ ತಟ್ಟುವ ಬಾಗಿಲು ಎಲ್ಲ. ಅವಳು ಅಳುತ್ತಿರಲಿಲ್ಲ. ಕಣ್ಣು ಅಗಲಿಸಿಕೊಂಡು, ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲಕ್ಕೆ ಮಾಡಿ ಇಟ್ಟುಕೊಂಡು, ಅವು ಯಾರದೋ ಕೈಗಳೆಂಬಂತೆ ನೋಡುತ್ತಿದ್ದಳು.

"ಅಮ್ಮಾ," ಅಂದಳು, "ಒಲೆ ನಾನು ಹಚ್ಚಿದ್ರೂ ನಮ್ಮನೆ ಆ ಕಡೆಗೇ ನಿಲ್ತಿತ್ತಾ?"